ಚೆಲ್ಲಿದವರು ಯಾರು?

ಹರಿಗೋಲಿನ ತಳಕ್ಕೆ ಬಳಿದ ಡಾಂಬರು ನೀರಿಗೆ ಬಗ್ಗುವುದಿಲ್ಲ. ಅದರ ಮೇಲೆ ಸೀಮೆಎಣ್ಣೆ ಚೆಲ್ಲಿದರೆ ಮಾತ್ರ ಕರಗಿ ಬಿಡುತ್ತದೆ. ಎರಡೂ ಕಲ್ಲೆಣ್ಣೆಯ ಹೊಟ್ಟೆಯಲ್ಲೇ ಹುಟ್ಟಿದವು. ದಾಯಾದಿಗೆ ದಾಯಾದಿಯೇ ಶತ್ರು. ಹಾಗೆಯೇ ಬ್ಯಾಟರಿಯ ಆಸಿಡ್ ಬಿದ್ದರೆ ಟ್ರ್ಯಾಕ್ಟರಿನ ಬಣ್ಣ ಏಳುತ್ತದೆ. ಇಂಥ ಹಾನಿಗೆ ನಮ್ಮ ಹಳ್ಳಿಗಳಲ್ಲಿ ಕೋರ್ಟು ಬೇಕಾಗಿಲ್ಲ. ಚೆಲ್ಲಿದವನು ಯಾರು? ಅವನೇ ಬಳಿಸಿಕೊಡಲಿ. ಕಟ್ಟೆಯ ಮೇಲೆ ಕೂತ ಯಾರೂ ಇದಕ್ಕೆ ಎದುರು ಮಾತಾಡುವುದಿಲ್ಲ.

ಅದೇ ದ್ರವ ಹೊಳೆಗೆ ಬಿದ್ದರೆ? ಆಗ ನಮ್ಮ ನ್ಯಾಯ ತಡವರಿಸುತ್ತದೆ. ಬಣ್ಣಕ್ಕೆ ಒಡೆಯನಿದ್ದಾನೆ, ಗಾಯವೂ ಕಣ್ಣಿಗೆ ಕಾಣುತ್ತದೆ. ಹೊಳೆಗೆ ಒಡೆಯನಿಲ್ಲ, ಮೀನು ತೇಲುವವರೆಗೆ ಅದರ ಗಾಯ ಕಾಣುವುದೂ ಇಲ್ಲ.

ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ನೀಲಗಿರಿ ಮರ ಅರೆದು ರೇಯಾನ್ ನೂಲಿಗೆ ಬೇಕಾದ ತಿರುಳು ಮಾಡುವ ಕಾರ್ಖಾನೆ. 1980ರ ದಶಕದಲ್ಲಿ ಕೆಳದಂಡೆಯ ಹಳ್ಳಿಗಳವರು ಮೀನು ಸಾಯುತ್ತಿವೆ, ನೀರು ನಾರುತ್ತಿದೆ ಎಂದು ದನಿ ಎತ್ತಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅವರ ಜೊತೆ ನಿಂತಿತು. ಜಲಮಾಲಿನ್ಯ ತಡೆಯುವ ಕಾಯಿದೆ 1974ರಿಂದಲೇ ಇತ್ತು. 1996ರಲ್ಲಿ ಸುಪ್ರೀಂ ಕೋರ್ಟು, ಕೆಡಿಸಿದವನೇ ತೆರಬೇಕು ಎಂಬ ತತ್ವವನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಟ್ರ್ಯಾಕ್ಟರಿನ ಬಣ್ಣದ ವಿಷಯದಲ್ಲಿ ಕಟ್ಟೆಗೆ ಮೊದಲೇ ಗೊತ್ತಿದ್ದ ನ್ಯಾಯ ಅದು.

ಸಾಸ್ವೆಹಳ್ಳಿಯ ಕಡೆಯ ನಮಗೆ ಈ ಕಥೆ ಹೇಳುವುದು ಸುಲಭ. ನಾವು ಹರಿಹರಕ್ಕಿಂತ ಮೇಲಿನವರು. ನೀರು ಹಿಂದಕ್ಕೆ ಹರಿಯುವುದಿಲ್ಲ. ಆದರೆ ನಮಗೂ ಮೇಲಿನವರಿದ್ದಾರೆ. ಕೂಡಲಿಯಲ್ಲಿ ತುಂಗೆಯನ್ನು ಸೇರುವ ಭದ್ರೆ ಭದ್ರಾವತಿಯನ್ನು ಹಾದು ಬರುತ್ತಾಳೆ. ಅಲ್ಲಿ 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯ ಹೊಲಸು ದಶಕಗಳ ಕಾಲ ಅವಳ ಮಡಿಲಿಗೆ ಬಿತ್ತು. ಕಾರ್ಖಾನೆ ನಿಂತು ಈಗ ವರ್ಷಗಳಾದವು. ಆಗ ನಾವು ಕೆಳಗಿನವರಾಗಿದ್ದೆವು. ಮೇಲು ಕೆಳಗು ಎಂಬುದು ಹೊಳೆಯ ದಂಡೆಯಲ್ಲಿ ಯಾರಿಗೂ ಕಾಯಂ ಪಟ್ಟವಲ್ಲ.

ಇನ್ನು ನಮ್ಮ ಗದ್ದೆ, ತೋಟ. ಔಷಧಿ ಹೊಡೆದು ಮುಗಿದ ಮೇಲೆ ಕ್ಯಾನನ್ನು ಕಾಲುವೆಯಲ್ಲಿ ಅಲುಬುವುದು ಎಲ್ಲೆಲ್ಲೂ ಇರುವ ರೂಢಿ. ಆ ನೀರು ಹಳ್ಳಕ್ಕೆ, ಹಳ್ಳ ಹೊಳೆಗೆ. ಕೆಳಗಿರುವುದು ಹೊನ್ನಾಳಿ, ಅದರ ಕೆಳಗೆ ಹರಿಹರ. ಕಾರ್ಖಾನೆಯ ಮೇಲೆ ಸಿಟ್ಟಾದ ಜನವೇ ನಮ್ಮ ತೊಳೆದ ನೀರಿಗೂ ಬಾಯೊಡ್ಡಬೇಕು.

ಹಾಗಾದರೆ ಎಲ್ಲರೂ ಸಮಾನ ಪಾಪಿಗಳೇ? ಈ ಮಾತನ್ನು ನಾನು ಒಪ್ಪುವುದಿಲ್ಲ. ಅದು ಕೇಳಲು ವಿನಯದ ಮಾತು, ನಡೆಯುವುದು ದೊಡ್ಡವರ ಅನುಕೂಲಕ್ಕೆ. ಎಲ್ಲರದೂ ತಪ್ಪು ಎಂದ ಕೂಡಲೇ ಯಾರದೂ ತಪ್ಪಲ್ಲ ಎಂದಾಗುತ್ತದೆ. ಕಾರ್ಖಾನೆಗೆ ರಸಾಯನ ಬಲ್ಲವರಿದ್ದಾರೆ, ಅಳೆಯುವ ಯಂತ್ರವಿದೆ, ಶುದ್ಧಿ ಮಾಡುವ ಹಣವಿದೆ, ಕೆಡಿಸಿದ್ದರಿಂದ ಉಳಿದ ಲಾಭವೂ ಇದೆ. ತಿಳಿವು, ಶಕ್ತಿ, ಲಾಭ ಮೂರೂ ಹೆಚ್ಚಿದಷ್ಟು ಹೊಣೆಯೂ ಹೆಚ್ಚು. ರೈತನ ಪಾಲು ಸಣ್ಣದು. ಆದರೆ ಸಣ್ಣದು ಎಂಬುದಕ್ಕೆ ಸೊನ್ನೆ ಎಂಬ ಅರ್ಥವಿಲ್ಲ.

ಆ ಸಣ್ಣ ಪಾಲನ್ನು ತೀರಿಸುವ ದಾರಿಯೂ ಸಣ್ಣದೇ. ಖಾಲಿಯಾದ ಔಷಧಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಕ್ಯಾನಿಗೇ ಸುರಿದು ಬೆಳೆಗೆ ಹೊಡೆಯಬೇಕು. ಕ್ಯಾನು ತೊಳೆದ ನೀರೂ ಆ ಹೊಲಕ್ಕೇ ಹೋಗಬೇಕು, ಕಾಲುವೆಗಲ್ಲ. ಕೊಂಚ ಹೊತ್ತಿನ ಕೆಲಸ. ಅದನ್ನು ಯಾರೂ ನೋಡುವುದಿಲ್ಲ, ಹೊಗಳುವುದಿಲ್ಲ. ಕೆಳಗೆ ನೀರು ಕುಡಿಯುವವಳಿಗೆ ನಮ್ಮ ಹೆಸರೂ ಗೊತ್ತಾಗುವುದಿಲ್ಲ. ಬಣ್ಣ ಎದ್ದಾಗ ದಂಡ ಕೊಡುವುದು ವ್ಯವಹಾರ. ಮುಖ ಕಾಣದ ಅವಳಿಗಾಗಿ ಹತ್ತು ಹೆಜ್ಜೆ ಹೆಚ್ಚು ನಡೆಯುವುದನ್ನು ಮಾತ್ರ ನಾನು ಧರ್ಮ ಎಂದು ಕರೆಯಬಲ್ಲೆ.