ಬೆನ್ನ ಹಿಂದಿನ ದೀಪ

ನನ್ನ ಬೀರುವಿನಲ್ಲಿ ತಂಗಿಯ ಒಂದು ಫೋಟೋ ಇದೆ. 1994ರದು, ಗಂಡಿನ ಕಡೆಯವರಿಗೆ ಕಳಿಸಲೆಂದು ತೆಗೆಸಿದ್ದು. ನನ್ನ ಮದುವೆಯ ರೇಷ್ಮೆ ಸೀರೆ, ಭುಜದ ಮೇಲಿಂದ ಮುಂದಕ್ಕೆ ಬಿಟ್ಟ ಜಡೆ, ತಲೆಯ ಸುತ್ತ ಕೂದಲಿನ ಅಂಚಿಗೆ ತೆಳ್ಳನೆಯ ಬೆಳ್ಳಿಗೆರೆ. ನೋಡಿದವರೆಲ್ಲ ‘ಎಷ್ಟು ದಟ್ಟ ಕೂದಲು!’ ಎನ್ನುತ್ತಾರೆ. ಅದರ ಹಿಂದಿನ ವರ್ಷವಷ್ಟೇ ಟೈಫಾಯ್ಡ್ ಬಂದು ಅವಳ ಕೂದಲು ಅರ್ಧಕ್ಕರ್ಧ ಉದುರಿಹೋಗಿತ್ತು.

ಸ್ಟುಡಿಯೋಗೆ ಕರೆದುಕೊಂಡು ಹೋದವಳು ನಾನೇ. ಮಾಲೀಕರು ಮೊದಲು ಮುಂದಿನ ಎರಡು ದೀಪಗಳನ್ನಷ್ಟೇ ಹಾಕಿ ತೋರಿಸಿದರು. ಹಿಂದೆ ಕಪ್ಪು ಪರದೆ, ಮುಂದೆ ಕಪ್ಪು ಕೂದಲು. ತಲೆ ಎಲ್ಲಿ ಮುಗಿದು ಪರದೆ ಎಲ್ಲಿ ಶುರುವಾಯಿತೋ ತಿಳಿಯದು. ಬರೀ ಮುಖವೊಂದು ಕತ್ತಲಲ್ಲಿ ತೇಲುತ್ತಿದ್ದಂತಿತ್ತು. ಆಮೇಲೆ ಅವಳ ಬೆನ್ನ ಹಿಂದೆ, ತಲೆಗಿಂತ ಎತ್ತರದಲ್ಲಿ, ಕೊಂಚ ಪಕ್ಕಕ್ಕೆ ಮೂರನೆಯ ದೀಪ ಇಟ್ಟರು. ಅದರ ಬೆಳಕು ನೇರವಾಗಿ ಕ್ಯಾಮರಾಕ್ಕೆ ಹೊಡೆದರೆ ಚಿತ್ರ ಮಸುಕಾಗುತ್ತದಂತೆ. ಅದಕ್ಕೆ ದೀಪದ ಬಾಯಿಗೆ ಕಪ್ಪು ಕಾಗದವನ್ನು ಕೊಳವೆಯ ಹಾಗೆ ಸುತ್ತಿದರು. ಸ್ವಿಚ್ ಒತ್ತಿದ್ದೇ ತಡ, ತಂಗಿ ಪರದೆಯಿಂದ ಈಚೆಗೆ ಬಂದುಬಿಟ್ಟಳು!

‘ಬೋಳುತಲೆಯವರಿಗೆ ಈ ದೀಪ ಹಾಕೋಲ್ಲ ಮೇಡಂ, ನೆತ್ತಿ ಹೊಳೆಯುತ್ತೆ. ತೆಳುಗೂದಲಿನ ಹಿಂದೆ ನೇರ ಇಟ್ಟರೂ ಬೆಳಕು ತೂರಿ ಬಂದು ಗುಟ್ಟು ರಟ್ಟಾಗುತ್ತೆ. ಅದಕ್ಕೇ ಪಕ್ಕಕ್ಕಿಟ್ಟೆ’ ಎಂದರು ಅವರು, ನನಗೆ ಮಾತ್ರ ಕೇಳಿಸುವಂತೆ. ನಾನು ತಲೆಯಾಡಿಸಿದೆ.

ಗಂಡಿನ ಕಡೆಯವರು ಬಂದರು. ಹುಡುಗನ ತಾಯಿ ತಂಗಿಯ ಜಡೆಯನ್ನು ಅಂಗೈ ಮೇಲಿಟ್ಟುಕೊಂಡು, ತೂಕ ನೋಡುವವರ ಹಾಗೆ ಒಮ್ಮೆ ಮೇಲೆ ಕೆಳಗೆ ಮಾಡಿ, ‘ಫೋಟೋದಲ್ಲಿ ಇಷ್ಟು ತೆಳ್ಳಗೆ ಕಾಣಲಿಲ್ಲವಲ್ಲ’ ಎಂದರು. ತಂಗಿ ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದೇ ನಿಂತಿದ್ದಳು. ನನ್ನ ಬಾಯಿಂದ ಥಟ್ಟನೆ ಬಂತು: ‘ಅದು ಸ್ಟುಡಿಯೋದವನ ಕೈಚಳಕ. ನಮಗೇನು ಗೊತ್ತು!’

ಜಾತಕ ಕೂಡಲಿಲ್ಲವೆಂದು ನಾಲ್ಕು ದಿನದ ಮೇಲೆ ಕಾಗದ ಬಂತು. ಅದು ಹೋಗಲಿ ಬಿಡಿ. ಆ ನನ್ನ ಮಾತು ಮಾತ್ರ ಮೂವತ್ತು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ.

ಆ ಫೋಟೋ ಸುಳ್ಳೇ? ದೀಪ ಒಂದೇ ಒಂದು ಕೂದಲನ್ನೂ ಸೇರಿಸಿರಲಿಲ್ಲ. ಹಾಗಾದರೆ ನಿಜವೇ? ಅಲ್ಲಿ ನನಗೆ ಧರ್ಮರಾಯನ ನೆನಪಾಗುತ್ತದೆ. ‘ಅಶ್ವತ್ಥಾಮ ಸತ್ತ’ ಎಂದು ಗಟ್ಟಿಯಾಗಿ ಹೇಳಿ, ‘ಆನೆ’ ಎಂಬುದನ್ನು ಮೆಲ್ಲಗೆ ಹೇಳಿದನಲ್ಲ, ಅವನ ಮಾತಿನಲ್ಲೂ ಸುಳ್ಳಿನ ಪದವೊಂದೂ ಇರಲಿಲ್ಲ. ಆದರೂ ನೆಲ ಮುಟ್ಟದೆ ಓಡುತ್ತಿದ್ದ ಅವನ ರಥ ನೆಲಕ್ಕಿಳಿಯಿತು. ಕೇಳಿದವನು ಏನೆಂದು ನಂಬುತ್ತಾನೆಂದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಸಿನಿಮಾದ ಮಾತು ಬೇರೆ. ನಮ್ಮ ಮೈಸೂರಿನವರಾದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸಿ, ಕತ್ತಲ ಸ್ಟುಡಿಯೋದಲ್ಲಿ ಬೆಳಕಿನ ಕಂಬವನ್ನೇ ನಿಲ್ಲಿಸಿದರು. ಅದನ್ನು ಯಾರೂ ಮೋಸವೆನ್ನಲಿಲ್ಲ. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಕೊಟ್ಟರು. ಟಿಕೆಟ್ ಕೊಂಡು ಕೂತವರಿಗೆ ಅದು ಆಟವೆಂದು ತಿಳಿದಿರುತ್ತದೆ. ಮದುವೆಗೆಂದು ಕಳಿಸಿದ ಫೋಟೋವನ್ನು ಜನ ಹಾಗೆ ನೋಡುವುದಿಲ್ಲ.

ಹಾಗೆಂದು ಮೂರನೆಯ ದೀಪ ಆರಿಸಿದ್ದರೆ ನಿಜ ಸಿಗುತ್ತಿತ್ತೆ? ಪರದೆಯೊಳಗೆ ಕರಗಿಹೋದ ಆ ತಲೆಯೂ ನನ್ನ ತಂಗಿಯದಲ್ಲ. ಟಿ.ಸಿ.ಯಲ್ಲಿ ಎಲ್ಲ ಮಕ್ಕಳಿಗೂ ‘ನಡತೆ: ಉತ್ತಮ’ ಎಂದು ಬರೆಯುವವರು ನಾವು. ಬೆಂಚಿನ ಮೇಲೆ ಹೆಸರು ಕೊರೆದವನಿಗೂ ಅದೇ. ಆ ಎರಡು ಪದ ಬರೆಯುವಾಗ ನನ್ನ ಕೈ ನಡುಗಿಲ್ಲ, ಏಕೆಂದರೆ ಹುಡುಗ ಇನ್ನೂ ಬೆಳೆಯುವವನು. ಯಾರಾದರೂ ಬಂದು ‘ಹೀಗೇಕೆ ಬರೆದಿರಿ?’ ಎಂದು ಕೇಳಿದರೆ, ‘ನಾನೇ ಬರೆದದ್ದು’ ಎನ್ನಬಲ್ಲೆ. ಅಂದು ಅಷ್ಟನ್ನೂ ಹೇಳಲಿಲ್ಲ. ‘ಕಾಯಿಲೆ ಬಿದ್ದಿದ್ದಳು, ಈಗ ಕೂದಲು ಬರುತ್ತಿದೆ’ ಎಂದಿದ್ದರೆ ಮುಗಿಯುತ್ತಿತ್ತು. ಒಳ್ಳೆಯದನ್ನೇ ಮಾಡಹೊರಟಿದ್ದ ಒಬ್ಬ ಕಸುಬುದಾರನನ್ನು ಮೋಸಗಾರನೆಂದೆ. ನನ್ನ ತಂಗಿಯ ಮುಂದೆಯೇ, ಅವಳ ಅಂದವೆಲ್ಲ ಬರೀ ಕೈಚಳಕವೆಂದೆ.

ತಂಗಿಗೆ ಎರಡು ವರ್ಷದ ಮೇಲೆ ಮದುವೆಯಾಯಿತು. ಹೋದ ದೀಪಾವಳಿಗೆ ಬಂದವಳು ಬೀರುವಿನಲ್ಲಿ ಸೀರೆ ಹುಡುಕುತ್ತಾ ಈ ಫೋಟೋ ಎಳೆದಳು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

‘ಅಕ್ಕಾ, ಹೊಳೀತಿರೋದು ಯಾವ ಕೂದಲು ನೋಡಿದೆಯಾ? ಉದ್ದದ್ದಕ್ಕೆಲ್ಲ ಎಣ್ಣೆ ಹಚ್ಚಿ ಅಂಟಿಸಿದ್ದೆ. ಮೇಲೆದ್ದು ನಿಂತಿರೋದೆಲ್ಲ ಆಗ ಹೊಸದಾಗಿ ಹುಟ್ಟುತ್ತಿದ್ದ ಗಿಡ್ಡ ಕೂದಲು!’

ನಾನು ನೋಡಿರಲಿಲ್ಲ.

‘ಅವತ್ತು ನೀನು ಆಡಿದ ಮಾತು ನೆನಪಿದೆಯಾ?’ ಎಂದಳು.

‘ಇದೆ’ ಎಂದೆ.

ಅವಳು ಮತ್ತೇನೂ ಹೇಳದೆ, ಫೋಟೋವನ್ನು ಸೆರಗಿನಲ್ಲಿ ಒರೆಸಿ, ಸೀರೆಗಳ ನಡುವೆ ಮೊದಲಿದ್ದ ಜಾಗದಲ್ಲೇ ಇಟ್ಟಳು.