ಹಸಿದ ಮರಿಯ ಮೇಲೆ ಹೊರಿಸುವ ತಪ್ಪು

ದಡ್ಡ, ಸೋಮಾರಿ, ಅಂಜುಬುರುಕ! ಮಕ್ಕಳ ಬಗ್ಗೆ ನಾವು ಎಷ್ಟು ಸಲೀಸಾಗಿ ತೀರ್ಪು ಕೊಟ್ಟುಬಿಡುತ್ತೇವೆ. ಹುಟ್ಟುಗುಣ ಎಂದು ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಆದರೆ ಆ ಗುಣದಲ್ಲಿ ಹಸಿವಿನ ಪಾಲೆಷ್ಟು ಎಂದು ಯೋಚಿಸಿದ್ದೇವೆಯೇ?

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಲೆವಿಟ್ಸ್ಕಿ ಮತ್ತು ರಿಚರ್ಡ್ ಬಾರ್ನ್ಸ್ ಇಲಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶವನ್ನು 1972ರಲ್ಲಿ ಪ್ರಕಟಿಸಿದರು. ಎಳವೆಯಲ್ಲಿ ಪೋಷಣೆ ಸಿಗದ ಇಲಿಗಳ ವರ್ತನೆ ಮುಂದೆ ಹೊಟ್ಟೆ ತುಂಬ ತಿಂದ ಮೇಲೂ ಬೇರೆಯಾಗಿಯೇ ಉಳಿಯಿತು. ಒಂಟಿಯಾಗಿ ಬೆಳೆದವುಗಳಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚಿತ್ತು. ಆದರೆ ಹಸಿವಿನಲ್ಲೇ ಬೆಳೆದರೂ ಎಳವೆಯಲ್ಲಿ ಸುತ್ತಲಿನಿಂದ ಹೆಚ್ಚಿನ ಪ್ರಚೋದನೆ ದೊರೆತ ಇಲಿಗಳಲ್ಲಿ ಅದು ಬಹುತೇಕ ಮಾಯವಾಗಿತ್ತು.

ಏಕೆ ಹೀಗೆ? ಹಸಿದ ಮರಿ ಆಟವಾಡುವುದಿಲ್ಲ, ಹೊಸ ಜಾಗವನ್ನು ಮೂಸಿ ನೋಡುವುದಿಲ್ಲ, ತಾಯಿಗೆ ಅಂಟಿಕೊಂಡೇ ಇರುತ್ತದೆ. ಲೋಕವನ್ನೇ ನೋಡದ ಮರಿ ಲೋಕದಿಂದ ಕಲಿಯುವುದಾದರೂ ಹೇಗೆ? ಹಸಿವು ಮೊದಲು ಹೊಟ್ಟೆಯನ್ನು ಬರಿದು ಮಾಡುತ್ತದೆ, ನಂತರ ಅನುಭವವನ್ನೂ ಕಸಿದುಕೊಳ್ಳುತ್ತದೆ.

ಇಲಿಯ ಮಾತು ಮನುಷ್ಯನಿಗೆ ಸಲ್ಲುತ್ತದೆಯೇ ಎಂದು ಕೇಳಬಹುದು. ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ 1986ರಲ್ಲಿ ಆರಂಭವಾದ ಅಧ್ಯಯನವೊಂದು ಬಡ ಕುಟುಂಬಗಳ, ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನು ಆರಿಸಿಕೊಂಡಿತು. ಎರಡು ವರ್ಷ ಕೆಲವರಿಗೆ ಪೌಷ್ಟಿಕ ಹಾಲಿನ ಪುಡಿ ಕೊಡಲಾಯಿತು. ಇನ್ನು ಕೆಲವರ ಮನೆಗೆ ಕಾರ್ಯಕರ್ತೆಯರು ವಾರಕ್ಕೊಮ್ಮೆ ಹೋಗಿ, ಮಗುವಿನೊಂದಿಗೆ ಆಡುವುದನ್ನು ತಾಯಂದಿರಿಗೆ ಕಲಿಸಿದರು. ಮತ್ತೆ ಕೆಲವರಿಗೆ ಎರಡೂ ಸಿಕ್ಕವು. ಇಪ್ಪತ್ತು ವರ್ಷಗಳ ನಂತರ ನೋಡಿದಾಗ, ಆಟದ ಆಸರೆ ಪಡೆದವರ ಗಳಿಕೆ ಅದನ್ನು ಪಡೆಯದವರಿಗಿಂತ ಸುಮಾರು ಶೇ. 25ರಷ್ಟು ಹೆಚ್ಚಿತ್ತು. ಬರೀ ಹಾಲಿನ ಪುಡಿಯಿಂದ ಅಂಥ ದೀರ್ಘಕಾಲದ ಲಾಭ ಕಾಣಲಿಲ್ಲ.

ಹಾಗೆಂದು ಅನ್ನ ಮುಖ್ಯವಲ್ಲ ಎಂದರ್ಥವಲ್ಲ. ಹಸಿದ ಮಗುವಿಗೆ ಮೊದಲು ಬೇಕಾದದ್ದು ಅನ್ನವೇ. ಆದರೆ ತಟ್ಟೆಗೆ ಬಡಿಸಿದಲ್ಲಿಗೆ ನಮ್ಮ ಕರ್ತವ್ಯ ಮುಗಿಯುವುದಿಲ್ಲ. ನಮ್ಮ ದೇಶದಲ್ಲಿ 1975ರಲ್ಲಿ ಆರಂಭವಾದ ಅಂಗನವಾಡಿ ಯೋಜನೆಯಲ್ಲಿ ಊಟದ ಜೊತೆಗೆ ಶಾಲಾಪೂರ್ವ ಶಿಕ್ಷಣವನ್ನೂ ಸೇರಿಸಿದ್ದು ಸರಿಯಾಗಿಯೇ ಇದೆ. ಅಲ್ಲಿನ ಹಾಡು, ಆಟಿಕೆ, ಕತೆಗಳು ಬರೀ ಕಾಲ ಕಳೆಯುವ ಸಾಧನಗಳಲ್ಲ. ಅವೂ ಪೋಷಣೆಯೇ.

ಇದನ್ನೆಲ್ಲ ತಿಳಿಯಲು ಮೂಕಪ್ರಾಣಿಗಳನ್ನು ಹಸಿವಿಗೆ ದೂಡಿದ್ದು ನ್ಯಾಯವೇ ಎಂಬ ಪ್ರಶ್ನೆ ಬೇರೆಯೇ ಇದೆ. ಅದಕ್ಕೆ ಉತ್ತರ ಸುಲಭವಲ್ಲ. ಆದರೆ ತಿಳಿದ ಮೇಲೂ ತರಗತಿಯ ಹಿಂದಿನ ಬೆಂಚಿನಲ್ಲಿ ಮಂಕಾಗಿ ಕುಳಿತ ಮಗುವನ್ನು ದಡ್ಡ ಎಂದು ಕರೆದರೆ, ಆ ಅನ್ಯಾಯಕ್ಕೆ ಯಾವ ನೆಪವೂ ಇಲ್ಲ. ಆ ಮಗುವಿಗೆ ಏನು ಸಿಗಲಿಲ್ಲ, ಅದನ್ನು ಕೊಡಬೇಕಾಗಿದ್ದವರು ಯಾರು ಎಂಬುದನ್ನು ನಾವು ಮೊದಲು ಕೇಳಬೇಕು.