ಹಲ್ಲುನೋವಿನ ರಾತ್ರಿಯೂ ವ್ರತದ ಎಲ್ಲೆಯೂ

ಕಟ್ಟಕಡೆಯ ದವಡೆಹಲ್ಲನ್ನು ಬುದ್ಧಿಹಲ್ಲೆಂದು ಕರೆಯುವುದು ವಾಡಿಕೆ. ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನೊಳಗೆ, ಮನುಷ್ಯನಲ್ಲಿ ವಿವೇಕ ಮೂಡತಕ್ಕ ಕಾಲದಲ್ಲಿ ಹುಟ್ಟುವುದರಿಂದ ಅದಕ್ಕೆ ಈ ಹೆಸರು. ಜ್ಞಾನವು ಆತ್ಮದ ಗುಣವೇ ಹೊರತು ಹಲ್ಲಿನದಲ್ಲವೆಂದು ಶ್ರಾವಕರಿಗೆ ಹೇಳಬೇಕಾಗಿಲ್ಲ. ಆದರೂ ಆ ಹಲ್ಲು ವಾರೆಯಾಗಿ ಬೆಳೆದು ಕೀಳಿಸಬೇಕಾಗಿ ಬಂದಾಗ ಮನೆಮಂದಿಯೆಲ್ಲರ ವಿವೇಕಕ್ಕೂ ಪರೀಕ್ಷೆಯೊದಗುವುದುಂಟು.

ಬಿಜೂರಿನಲ್ಲಿ ಒಂದು ಶ್ರಾವಕರ ಮನೆಯನ್ನು ಊಹಿಸಿಕೊಳ್ಳಬಹುದು. ಕಾಲೇಜಿಗೆ ಹೋಗುವ ಮಗನು ಕುಂದಾಪುರದಲ್ಲಿ ಸಂಜೆ 4ಕ್ಕೆ ಹಲ್ಲು ಕೀಳಿಸಿಕೊಂಡು ಸೂರ್ಯಾಸ್ತದ ಹೊತ್ತಿಗೆ ಮನೆ ಸೇರುತ್ತಾನೆ. ದವಡೆ ಇನ್ನೂ ಮರಗಟ್ಟಿದೆ, ಉಣ್ಣುವಂತಿಲ್ಲ. ರಾತ್ರಿ 9ಕ್ಕೆ ಅರಿವಳಿಕೆ ಇಳಿದು ನೋವು ಏರುತ್ತದೆ. ವೈದ್ಯರು ಕೊಟ್ಟ ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ನುಂಗಬಾರದು. ತಾಯಿ ಕುಚ್ಚಲಕ್ಕಿ ಗಂಜಿಯ ತೆಳಿಯನ್ನು ಆರಿಸಿ ತರುತ್ತಾಳೆ. ರಾತ್ರಿಭೋಜನ ಬಿಟ್ಟು ಬಹುಕಾಲವಾದ ಅಜ್ಜಿ, "ಒಂದು ರಾತ್ರಿ ತಡೆದುಕೋ ಮಗಾ, ಅದೂ ತಪಸ್ಸೇ" ಎನ್ನುತ್ತಾಳೆ. ಇಬ್ಬರದೂ ಮಮತೆಯೇ. ಆದರೆ ಬಟ್ಟಲು ಒಂದೇ. ಅದನ್ನು ಕುಡಿಯಬೇಕು ಅಥವಾ ಬಿಡಬೇಕು.

ಅಜ್ಜಿಯ ಮಾತಿಗೆ ಆಗಮದ ಆಧಾರವಿಲ್ಲದಿಲ್ಲ. ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯವು ಹೇಳುವ 22 ಪರೀಷಹಗಳಲ್ಲಿ ರೋಗವೂ ಒಂದು. ಆದರೆ ಪರೀಷಹಜಯವು ಪ್ರಧಾನವಾಗಿ ಮುನಿಧರ್ಮಕ್ಕೆ ಸೇರಿದ್ದು. ಹಲ್ಲುಜ್ಜದಿರುವ ಅದಂತಧಾವನವೂ ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಒಂದೇ. ಅದನ್ನು ಯಾವ ಅಜ್ಜಿಯೂ ಮೊಮ್ಮಗನಿಗೆ ವಿಧಿಸಿದ್ದಿಲ್ಲ! ಮತ್ತೊಂದು ಮಾತೂ ಅದೇ ಅಧ್ಯಾಯದಲ್ಲಿದೆ. ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ವೇದನೆಯಿಂದ ಹುಟ್ಟುವುದು ಒಂದು. ಸಮಭಾವದಿಂದ ಸಹಿಸಬಲ್ಲವನಿಗೆ ನೋವು ನಿರ್ಜರೆಗೆ ಕಾರಣವಾದೀತು. ಹಿರಿಯರಿಗೆ ಅಂಜಿ, ಹಲ್ಲು ಕಚ್ಚಲೂ ಆಗದೆ, ಬೆಳಗಿನವರೆಗೆ ನೋವನ್ನೇ ಧ್ಯಾನಿಸುವವನಿಗೆ ದೊರೆಯುವುದು ತಪಸ್ಸಲ್ಲ, ಆರ್ತಧ್ಯಾನ.

ಹಾಗೆಂದು "ಕಾಯಿಲೆಯಲ್ಲಿ ಎಲ್ಲವೂ ನಡೆಯುತ್ತದೆ" ಎಂಬ ತಾಯಿಯ ಮಾತನ್ನೂ ಒಪ್ಪಲಾಗದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು, ರಾತ್ರಿ ಚತುರ್ವಿಧ ಆಹಾರವನ್ನೂ ತ್ಯಜಿಸಿದವನನ್ನು ಶ್ರಾವಕನ 11 ಪ್ರತಿಮೆಗಳಲ್ಲಿ 6ನೆಯದರಲ್ಲಿ ನಿಲ್ಲಿಸುತ್ತದೆ. ಅಜ್ಜಿ ಏರಿದ ಮೆಟ್ಟಿಲು ಅಜ್ಜಿಯದು. ಹುಡುಗನು ಮನೆಯ ರೂಢಿಯನ್ನು ಪಾಲಿಸುವವನೋ, ತಾನೇ ಗುರುಸಾಕ್ಷಿಯಾಗಿ ವ್ರತ ಹಿಡಿದವನೋ ಎಂಬುದೇ ಇಲ್ಲಿ ಮುಖ್ಯ. ವ್ರತ ಅವನದಾದರೆ ಅದನ್ನು ಸಡಿಲಿಸುವ ಅಧಿಕಾರ ತಾಯಿಗಿಲ್ಲ. ವ್ರತವೇ ಇಲ್ಲದವನ ಮೇಲೆ ಅದನ್ನು ಹೇರುವ ಅಧಿಕಾರ ಅಜ್ಜಿಗೂ ಇಲ್ಲ. ಕುಡಿದು ಎಲ್ಲೆ ಮೀರಿದನೆನ್ನಿ, ಆಗ ಆಲೋಚನೆ ಪ್ರತಿಕ್ರಮಣಗಳಿವೆ. ಮೀರಲಿಲ್ಲವೆಂದು ವಾದಿಸುವುದಕ್ಕಿಂತ ಮೀರಿದೆನೆಂದು ಒಪ್ಪುವುದು ಲೇಸು.

ವಾಸ್ತವವಾಗಿ ಈ ಇಕ್ಕಟ್ಟಿನ ಬಹುಪಾಲು ಹುಟ್ಟಿದ್ದು ಅಜಾಗರೂಕತೆಯಿಂದ. ಕೆಳದವಡೆಯ ಅರಿವಳಿಕೆ ಸುಮಾರು 3ರಿಂದ 5 ಗಂಟೆಗಳಲ್ಲಿ ಇಳಿಯುತ್ತದೆ. ಬೆಳಿಗ್ಗೆಯೇ ಹಲ್ಲು ಕೀಳಿಸಿದ್ದರೆ ಮಧ್ಯಾಹ್ನ ತಣ್ಣನೆಯ ಗಂಜಿ, ಸೂರ್ಯಾಸ್ತಕ್ಕೆ ಮುನ್ನ ಇನ್ನೊಮ್ಮೆ ಆಹಾರ, ಅದರ ಮೇಲೆ ಗುಳಿಗೆ, ಎಲ್ಲವೂ ಹಗಲಿನಲ್ಲೇ ಮುಗಿಯುತ್ತಿತ್ತು. ಡಿಸೆಂಬರಿನಲ್ಲಿ ಈ ಕರಾವಳಿಯಲ್ಲಿ ಸಂಜೆ 6ರ ಆಸುಪಾಸಿನಲ್ಲೇ ಸೂರ್ಯ ಮುಳುಗುವುದರಿಂದ ಆಗ ಈ ಎಚ್ಚರ ಇನ್ನಷ್ಟು ಬೇಕು. ಔಷಧದ ವಿಷಯದಲ್ಲಿಯೂ ಹೀಗೆಯೇ. ಕ್ಯಾಪ್ಸೂಲಿನ ಹೊರಕವಚವು ಹೆಚ್ಚಾಗಿ ಪ್ರಾಣಿಗಳ ಚರ್ಮ, ಎಲುಬುಗಳಿಂದ ತೆಗೆದ ಜೆಲಟಿನ್. ಎಷ್ಟೋ ಔಷಧಗಳು ಮಾತ್ರೆಯ ರೂಪದಲ್ಲಿಯೂ ದೊರೆಯುತ್ತವೆ. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ವೈದ್ಯಗ್ರಂಥವನ್ನೇ ರಚಿಸಿದ ಕಲ್ಯಾಣಕಾರಕದ ಉಗ್ರಾದಿತ್ಯಾಚಾರ್ಯರ ಪರಂಪರೆಯವರು ಅಷ್ಟನ್ನು ವೈದ್ಯರಲ್ಲಿ ಮೊದಲೇ ಕೇಳಲು ಸಂಕೋಚಪಡಬೇಕಾಗಿಲ್ಲ. ಬರಿಹೊಟ್ಟೆಯಲ್ಲಿ ಯಾವ ಗುಳಿಗೆ ಸಲ್ಲುತ್ತದೆಂಬುದನ್ನೂ ಆಗಲೇ ಕೇಳಬಹುದು.

ಆ ರಾತ್ರಿಯ ಬಟ್ಟಲಿನ ತೀರ್ಮಾನ ಮಾತ್ರ ಹುಡುಗನದು. ತಾಯಿಯೂ ಅಜ್ಜಿಯೂ ಅಷ್ಟು ಹೊತ್ತು ಸುಮ್ಮನಿರುವುದು ಕಷ್ಟವೇ. ಅವರಿಗೆ ಬೇರೆ ಕೆಲಸವಿದೆ. ಹಲ್ಲಿನ ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮುಚ್ಚಳ. ಅದು ಕಿತ್ತುಬಂದರೆ ಎಲುಬು ತೆರೆದುಕೊಂಡು ನೋವು ಇಮ್ಮಡಿಸುತ್ತದೆ. ಆದ್ದರಿಂದ ಮೊದಲ ದಿನ ಬಾಯಿ ಮುಕ್ಕಳಿಸದಂತೆ, ಉಗುಳದಂತೆ ನೋಡಿಕೊಳ್ಳಬೇಕು. ಮನೆಯ ಸೇವೆಯೂ ವೈಯಾವೃತ್ತ್ಯವೇ. 24 ಗಂಟೆ ಕಳೆದ ಮೇಲೆ, ಮರುದಿನ ಸಂಜೆ, ಸೋಸಿ ಕಾಯಿಸಿದ ನೀರಿಗೆ ಉಪ್ಪು ಬೆರೆಸಿ, ಉಗುರುಬೆಚ್ಚಗಾಗಿಸಿ ಮೊಮ್ಮಗನ ಕೈಗಿಡುವುದು ಅಜ್ಜಿಯ ಪಾಲಿನದು.